ಮುಳ್ಳು ಹೇಳಿದ ಸುಳ್ಳು

"ಮುಚ್ಚಳಕ್ಕೆ ಯಾರೂ ಕೈ ಹಾಕಬೇಡಿ," ಎಂದಳು ಇನ್‌ಸ್ಪೆಕ್ಟರ್. "ಈ ಮನೇಲಿ ಒಂದು ಜೊತೆ ಕಣ್ಣು ಹೋಗಿದ್ದು ಸಾಕು."

ಕಣ್ಣು ಕಳೆದುಕೊಂಡ ಕನ್ನಡಕದ ಅಂಗಡಿಯವನು ಅಲ್ಲೇ ತನ್ನ ಮನೆಯ ಕಾರು ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಅವನ ಕಿವಿಗೆ ಬೀಳಲಿ ಎಂದೇ ಅವಳು ಆ ಮಾತು ಆಡಿದ್ದು. ಠಾಣೆಯಲ್ಲಿ ಅವಳಿಗೆ ಬೆನ್ನ ಹಿಂದೆ ಇಕ್ಕಳ ಎಂಬ ಹೆಸರಿತ್ತು. ಹಿಡಿದದ್ದನ್ನು ಮುರಿಯುವ ತನಕ ಬಿಡುವವಳಲ್ಲ ಎಂದು. ಹೆಸರು ಅವಳಿಗೂ ಗೊತ್ತಿತ್ತು, ಅದರಿಂದ ಬೇಜಾರೇನೂ ಇರಲಿಲ್ಲ.

ಶೆಡ್ಡಿನಲ್ಲಿದ್ದ ಇದೇ ಕಾರಿನ ರೇಡಿಯೇಟರ್ ಮುಚ್ಚಳ ತಿರುಗಿಸಿದಾಗ ಚಿಮ್ಮಿದ ನೀರು ಅವನ ಮುಖವನ್ನು ಬೇಯಿಸಿತ್ತು. ನೀರು ಎಷ್ಟಿದೆ ಎಂದು ನೋಡಲು ಹೋದೆ, ತಮ್ಮನೇ ಕಾರಿಗೆ ಏನೋ ಮಾಡಿಟ್ಟಿದ್ದಾನೆ ಎಂದು ಅವನು ಆಸ್ಪತ್ರೆಯ ಹಾಸಿಗೆಯಿಂದಲೇ ದೂರು ಕೊಟ್ಟಿದ್ದ.

ಆ ತಮ್ಮ ಈಗ ಶೆಡ್ಡಿನ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ಕೈಗೆ ಬೇಡಿ ಹಾಕಿತ್ತು. ಬಾಯಿ ಬಿಡಿಸಿ ಎಂದು ಠಾಣೆಯಲ್ಲಿ ಅಪ್ಪಣೆ ಕೊಟ್ಟವಳು ಇನ್‌ಸ್ಪೆಕ್ಟರೇ. ಅವಳ ಜನ ಕೈಲಾದದ್ದೆಲ್ಲ ಮಾಡಿದ್ದರು. ಅವನ ಬೆರಳುಗಳು ಬಾಳೆಕಾಯಿಯ ಹಾಗೆ ಬಾತಿದ್ದವೇ ಹೊರತು ಅವನು ಬಾಯಿ ಬಿಟ್ಟಿರಲಿಲ್ಲ. ಕೇಳಿದ್ದಕ್ಕೆಲ್ಲ ಒಂದೇ ಉತ್ತರ, ತನಗೆ ಕಾರು ಓಡಿಸುವುದಕ್ಕೂ ಬರುವುದಿಲ್ಲ ಎಂದು.

ಮನುಷ್ಯ ಹೇಳದಿದ್ದರೆ ಕಾರನ್ನೇ ಕೇಳೋಣ ಎಂದು ಅವಳು ಈವತ್ತು ಮಧ್ಯಾಹ್ನ ಎಲ್ಲರನ್ನೂ ಇಲ್ಲಿ ಸೇರಿಸಿದ್ದಳು. ಜೀಪು ಓಡಿಸುವ ಪೇದೆಗೆ ಅದು ತಮಾಷೆಯಾಗಿ ಕಂಡಿತ್ತು. ಕಾರು ಸಾಕ್ಷಿ ಹೇಳುತ್ತಾ ಮೇಡಂ ಎಂದು ದಾರಿಯುದ್ದಕ್ಕೂ ಕೆಣಕಿದ್ದ. ಹೇಳುತ್ತೆ, ಹೊಡೆಯೋ ಕೆಲಸ ಒಂದು ತಪ್ಪುತ್ತೆ ಎಂದಿದ್ದಳು ಅವಳು.

ಎಂಜಿನ್ನಿನ ಭಾಷೆ ಅವಳಿಗೆ ಬರುತ್ತಿತ್ತು. ಹಿಂದೊಮ್ಮೆ ಮಂತ್ರಿಯೊಬ್ಬರ ಅಳಿಯನ ಕಪಾಳಕ್ಕೆ ಬಾರಿಸಿದ ತಪ್ಪಿಗೆ ಇಲಾಖೆ ಅವಳನ್ನು ಪೊಲೀಸ್ ವಾಹನಗಳ ಶೆಡ್ಡಿಗೆ ಎಸೆದಿತ್ತು. ಅಲ್ಲಿ ಕೈಗೆ ಗ್ರೀಸ್ ಮೆತ್ತಿಕೊಂಡು ಅಳುತ್ತಾ ಕೂರುತ್ತಾಳೆ ಎಂದುಕೊಂಡವರಿಗೆ ನಿರಾಸೆಯಾಗಿತ್ತು.

ಹಳೆಯ ಬೂದು ಬಣ್ಣದ ಕಾರು ಬಾನೆಟ್ ಎತ್ತಿಕೊಂಡು, ಹಲ್ಲು ಕೀಳಿಸಿಕೊಳ್ಳಲು ಬಂದ ರೋಗಿಯ ಹಾಗೆ ಬಾಯಿ ತೆರೆದು ನಿಂತಿತ್ತು. ಎಂಜಿನ್ ತಣ್ಣಗಿದ್ದಾಗಲೇ ಅವಳು ರೇಡಿಯೇಟರಿಗೆ ಕಂಠಮಟ್ಟ ನೀರು ತುಂಬಿ, ಮುಚ್ಚಳ ಬಿಗಿದು, ಅಡಿಯಲ್ಲಿ ಹಳೆಯ ದಿನಪತ್ರಿಕೆ ಹಾಸಿದ್ದಳು. ಆಮೇಲೆ ಪೇದೆಗೆ ಕಣ್ಣು ಸನ್ನೆ ಮಾಡಿದಳು. ಎಂಜಿನ್ ಕೆಮ್ಮಿ, ಗೊರಗೊರ ಎಂದು ಹತ್ತಿಕೊಂಡಿತು.

ಆ ಸದ್ದಿಗೆ ಅಂಗಡಿಯವನ ಎರಡೂ ಕೈ ತಟ್ಟನೆ ಮುಖಕ್ಕೆ ಹೋದವು. ಮುಖ ಎನ್ನುವುದು ಅಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಹಣೆಯಿಂದ ಗಲ್ಲದವರೆಗೆ ಚರ್ಮ ಕಾಯಿಸಿದ ಹಾಲಿನ ಕೆನೆಯ ಹಾಗೆ ಮುದುರಿಕೊಂಡಿತ್ತು. ಕಪ್ಪು ಕನ್ನಡಕ ಹಾಕಿದ್ದ. ತನ್ನ ಅಂಗಡಿಯದೇ, ಬೆಲೆಬಾಳುವಂಥದ್ದು.

"ಕುರ್ಚಿ ಹಿಂದಕ್ಕೆ ಎಳೆಯೇ," ಎಂದ ಹೆಂಡತಿಗೆ. "ಕಿವುಡಿನಾ?"

ಹೆಂಡತಿ ಬಂದು ಎಬ್ಬಿಸಿದಳು. ಮೊಣಕೈ ಹಿಡಿದು ಹಿಂದಕ್ಕೆ ನಡೆಸಿದಳು. ಬಾಗಿಲಲ್ಲಿ ಒಂದು ಮೆಟ್ಟಿಲಿತ್ತು. ಅವನ ಕಾಲು ಗಾಳಿಗೆ ಇಳಿದು, ಸೊಂಟ ಉಳುಕಿ, ಅಮ್ಮಾ ಎಂದ ಮೇಲೆ ಅವಳು ಮೆತ್ತಗೆ, "ಮೆಟ್ಟಿಲಿದೆ," ಎಂದಳು.

ಇನ್‌ಸ್ಪೆಕ್ಟರ್ ಅದನ್ನು ನೋಡಿದಳು.

ಕಾರಿನ ಕಾಯಿಲೆಯ ಕಥೆಯನ್ನು ಹೆಂಡತಿ ಆಗಲೇ ಹೇಳಿ ಮುಗಿಸಿದ್ದಳು. ಊರಾಚೆಯ ಶಿಶುವಿಹಾರದಲ್ಲಿ ಅವಳು ಟೀಚರು. ಕಾರು ಓಡಿಸುತ್ತಿದ್ದವಳೂ ಅವಳೊಬ್ಬಳೇ. ಅಂಗಡಿ ಮನೆಯಿಂದ ಕೂಗಳತೆಯಲ್ಲಿತ್ತು, ಗಂಡ ನಡೆದೇ ಹೋಗಿಬರುತ್ತಿದ್ದ. ಕೆಲವು ತಿಂಗಳಿಂದ ಕಾರು ದಾರಿಯಲ್ಲೇ ಬಿಸಿಯಾಗಿ ಬುಸುಗುಟ್ಟಲು ಶುರುಮಾಡಿತ್ತು. ಬೆಳಗ್ಗೆ ನೋಡಿದರೆ ರೇಡಿಯೇಟರಿನಲ್ಲಿ ನೀರು ತಳ ಕಂಡಿರುತ್ತಿತ್ತು. ತುಂಬಿಸಿಕೊಂಡೇ ಹೊರಡುತ್ತಿದ್ದಳು. ಅವಸರದಲ್ಲಿ ಮರೆತ ದಿನ ರಸ್ತೆ ಬದಿಯಲ್ಲಿ ನಿಲ್ಲಬೇಕಾಗುತ್ತಿತ್ತು. ಮೆಕ್ಯಾನಿಕ್ಕು ರಬ್ಬರ್ ಪೈಪುಗಳನ್ನೆಲ್ಲ ಬದಲಾಯಿಸಿ, ಕೊನೆಗೆ ಕೈಚೆಲ್ಲಿದ್ದ. ಸೋರುವ ಜಾಗವೇ ಇಲ್ಲ, ನೀರು ಮಾತ್ರ ಮಾಯ ಎಂದಿದ್ದ.

ಆ ಮಾತು ಇನ್‌ಸ್ಪೆಕ್ಟರ್ ತಲೆಯಲ್ಲಿ ಹುಳ ಬಿಟ್ಟಿತ್ತು. ನೀರು ಮಾಯವಾಗುವುದಿಲ್ಲ, ಎಲ್ಲಿಗಾದರೂ ಹೋಗಲೇಬೇಕು.

ಅವಳು ಮೊಣಕಾಲೂರಿ ಕಾರಿನ ಅಡಿ ನೋಡಿದಳು. ಪತ್ರಿಕೆ ಒಣಗಿಯೇ ಇತ್ತು. ಹೊರಗೆ ಸೋರುತ್ತಿಲ್ಲ.

ಹಾಗಾದರೆ ಒಳಗೆ ಸೋರುತ್ತಿರಬೇಕು. ಎಂಜಿನ್ ಹತ್ತಿಸುವ ಮುಂಚೆಯೇ ಅವಳು ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದ್ದಳು. ಆಯಿಲ್‌ಗೆ ನೀರು ಬೆರೆತರೆ ಹಾಲು ಹಾಕಿದ ಕಾಫಿಯ ಬಣ್ಣ ಬರುತ್ತದೆ. ಇದು ಕಡ್ಡಿಯ ತುದಿವರೆಗೂ ಕಪ್ಪಗೆ, ನಯವಾಗಿತ್ತು. ಈಗ ಹಿಂದಕ್ಕೆ ಹೋಗಿ ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದಳು. ಎಂಜಿನ್ ನೀರು ಕುಡಿಯುತ್ತಿದ್ದರೆ ಹೊಗೆ ಬೆಳ್ಳಗೆ ಬರಬೇಕು. ಅದೂ ಇಲ್ಲ.

ಮುಂದಕ್ಕೆ ಬಂದು ರೇಡಿಯೇಟರಿನ ಮೇಲಿನ ಪೈಪನ್ನು ಬಟ್ಟೆ ಸುತ್ತಿದ ಕೈಯಿಂದ ಮುಟ್ಟಿದಳು. ಬಿಸಿ. ಕೆಳಗಿನದು ಇನ್ನೂ ತಣ್ಣಗಿತ್ತು. ಕಾದಳು. ಪೇದೆ ಸುಮ್ಮನಿರಲಾರದೆ ತನ್ನ ಭಾವನ ಕಾರು ಹೀಗೇ ಬಿಸಿಯಾಗಿ ಮದುವೆ ಮುಹೂರ್ತ ತಪ್ಪಿದ ಕಥೆ ತೆಗೆದ. ಕಥೆ ಮುಗಿಯುವಷ್ಟರಲ್ಲಿ ಕೆಳಗಿನ ಪೈಪೂ ಬಿಸಿಯಾಯಿತು. ಒಳಗಿನ ಕವಾಟ ಕಾವಿಗೆ ತೆರೆದುಕೊಂಡು ನೀರು ಸರಿಯಾಗಿಯೇ ಸುತ್ತುತ್ತಿತ್ತು. ಇನ್ನೂ ಸ್ವಲ್ಪ ಹೊತ್ತಿಗೆ ಫ್ಯಾನು ತಾನಾಗಿ ಗಿರ್ರೆಂದು ತಿರುಗಿತು.

ಇನ್‌ಸ್ಪೆಕ್ಟರ್ ಬೆನ್ನು ನೆಟ್ಟಗೆ ಮಾಡಿ ನಿಂತಳು. ಈ ಎಂಜಿನ್ನಿಗೆ ಕಾಯಿಲೆಯೇ ಇಲ್ಲ. ಕಲ್ಲುಗುಂಡಿನ ಹಾಗಿದೆ. ಹಾಗಾದರೆ ರಾತ್ರಿ ಬೆಳಗಾಗುವುದರಲ್ಲಿ ನೀರು ಖಾಲಿಯಾಗಲು ಒಂದೇ ದಾರಿ. ತುಂಬುವ ಬಾಯಿಯಿಂದಲೇ ಯಾರೋ ತೆಗೆಯುತ್ತಿದ್ದರು.

ಅವಳು ಡ್ರೈವರ್ ಸೀಟಿನ ಕಿಟಕಿಗೆ ತಲೆ ಹಾಕಿದಳು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಒಂದು ಕೂದಲೆಳೆಯಷ್ಟೂ ಏಳದೆ ನೀಲಿ ಗೆರೆಯ ಬುಡದಲ್ಲಿ ಮಲಗಿತ್ತು. ಬಾನೆಟ್ಟಿನಡಿ ಕೈಯಿಟ್ಟರೆ ಸುಟ್ಟುಹೋಗುವಷ್ಟು ಕಾವು. ಮುಳ್ಳಿನ ಪ್ರಕಾರ ಕಾರು ಈಗ ತಾನೇ ನಿದ್ದೆಯಿಂದ ಎದ್ದಿದೆ.

ಎಂಜಿನ್ ಆರಿಸಿ ಎಂದಳು. ಕಾವು ಇಳಿಯುವ ತನಕ ಕಾದು, ಮುಳ್ಳಿನ ವೈರು ಹಿಡಿದು ಹೊರಟಳು. ವೈರು ಎಂಜಿನ್ನಿನ ಪಕ್ಕದಲ್ಲಿ ಒಂದು ಪುಟ್ಟ ಹಿತ್ತಾಳೆ ಮೊಳೆಗೆ ಕ್ಲಿಪ್ಪಿನಿಂದ ಸೇರಿಕೊಂಡಿತ್ತು. ಬಿಸಿಯ ಸುದ್ದಿ ಮುಳ್ಳಿಗೆ ಮುಟ್ಟಿಸುವುದು ಆ ಮೊಳೆ. ಕ್ಲಿಪ್ಪು ನೋಡಿದರೆ ಏನೂ ಆಗಿಲ್ಲದಂತೆ ಗಟ್ಟಿಯಾಗಿ ಕೂತಿತ್ತು. ಅವಳು ಎಳೆದು ತೆಗೆದಳು.

ಮೊಳೆಯ ತಲೆಯ ಮೇಲೆ ನೀಲಿ ಬಣ್ಣದ ಅಂಟು, ಉಗುರುಬಣ್ಣದ ಹಾಗೆ ತೆಳ್ಳಗೆ ಒಣಗಿ ಗಟ್ಟಿಯಾಗಿತ್ತು. ಕ್ಲಿಪ್ಪು ಮೊಳೆಯನ್ನು ಅಪ್ಪಿಕೊಂಡೂ ಮುಟ್ಟಿರಲಿಲ್ಲ. ಸುದ್ದಿ ಅಲ್ಲಿಗೇ ನಿಂತುಹೋಗಿತ್ತು.

ಅವಳು ಕಣ್ಣೆತ್ತಿದಾಗ ತಮ್ಮ ಅವಳ ಕೈಯನ್ನೇ ನೋಡುತ್ತಿದ್ದ. ಅವನ ಮುಖದ ರಕ್ತ ಇಳಿದುಹೋಗಿತ್ತು. ಅಂಗಡಿಯಲ್ಲಿ ದಿನವಿಡೀ ಕನ್ನಡಕದ ಸ್ಕ್ರೂಗಳಿಗೆ ಈ ಅಂಟು ಹಚ್ಚುವವನು ಅವನೇ. ಇನ್‌ಸ್ಪೆಕ್ಟರ್ ತುಟಿಯ ಮೇಲೆ ಬೆರಳಿಟ್ಟಳು. ಪೇದೆಗೂ ಅದೇ ಸನ್ನೆ. ಪೇದೆ ಜನ್ಮದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡ.

ಅವಳು ಹೋಗಿ ಅಂಗಡಿಯವನ ಕುರ್ಚಿಯ ಪಕ್ಕ ನಿಂತಳು.

"ನೀವು ಹೇಳಿದ್ದು ನಿಜ. ಮುಳ್ಳು ಸುಳ್ಳು ಹೇಳ್ತಿದೆ. ಅದರ ವೈರು ಹಿಡ್ಕೊಂಡು ಹೋದೆ, ಒಂದು ಕಡೆ ಕೈಚಳಕ ಸಿಕ್ತು. ಏನು ಅಂತ ನಿಮ್ಮ ತಮ್ಮನ ಬಾಯಿಂದಲೇ ಬರಬೇಕು. ಇನ್ನೊಂದು ರಾತ್ರಿ ಲಾಕಪ್ಪಿನಲ್ಲಿ ಕೂರಿಸಿದ್ರೆ ಹೇಳ್ತಾನೆ."

"ಅವನೆಲ್ಲಿ ಹೇಳ್ತಾನೆ?" ಅಂಗಡಿಯವನ ಮುದುರಿದ ತುಟಿ ಒಂದು ಪಕ್ಕಕ್ಕೆ ಎಳೆಯಿತು. ನಕ್ಕದ್ದು ಇರಬೇಕು. "ನಾನು ಹೇಳ್ತೀನಿ ಬರ್ಕೊಳ್ಳಿ. ನಮ್ಮ ಅಂಗಡೀಲಿ ಸ್ಕ್ರೂಗೆ ಹಾಕೋ ಅಂಟಿದೆ, ನೀಲೀದು. ಅದನ್ನ ಕ್ಲಿಪ್ಪಿನ ಒಳಗೆ ಬಳಿದ್ರೆ ಮುಳ್ಳು ಏಳಲ್ಲ. ಆ ಬಾಟಲಿ ದಿನಾ ಇರೋದು ಅವನ ಕೈಲಿ."

ಶೆಡ್ಡಿನಲ್ಲಿ ಬಿಸಿ ಲೋಹ ಆರುತ್ತಾ ಟಿಕ್ ಟಿಕ್ ಎನ್ನುತ್ತಿತ್ತು.

"ಅಂಟು ಅಂತ ನಾನು ಹೇಳಲೇ ಇಲ್ಲವಲ್ಲ," ಎಂದಳು ಇನ್‌ಸ್ಪೆಕ್ಟರ್.

ಅವನು ಕುರ್ಚಿಯ ಕೈ ಹಿಡಿದುಕೊಂಡ. ಊಹೆ ಮಾಡಿದ್ದು ಎಂದ. ಆಸ್ಪತ್ರೆಯಲ್ಲಿ ಮಲಗಿದ್ದಾಗ ಯೋಚಿಸಲು ಬೇಕಾದಷ್ಟು ಹೊತ್ತಿತ್ತು ಎಂದ. ತಮ್ಮನಿಗೆ ಗೊತ್ತಿರುವ ಕುಶಲ ಅದೊಂದೇ, ಅದಕ್ಕೇ ಹಾಗಂದುಕೊಂಡೆ ಎಂದ. ಮಾತು ಬೇಕಾದ್ದಕ್ಕಿಂತ ಉದ್ದವಾಯಿತು.

ಅವಳು ಕೇಳಿಸಿಕೊಂಡಳು. ಆಮೇಲೆ, ಅನಾಹುತದ ದಿನ ಪೊಲೀಸರು ಇಲ್ಲಿ ತೆಗೆದ ಫೋಟೋ ಒಂದರ ವಿಷಯ ಎತ್ತಿದಳು. ಮುಂದಿನ ಚಕ್ರದ ಪಕ್ಕದಲ್ಲಿ ಒಂದು ತೆಳ್ಳನೆ ರಬ್ಬರ್ ಕೊಳವೆ ಹಾವಿನ ಮರಿಯ ಹಾಗೆ ಸುರುಳಿ ಸುತ್ತಿ ಬಿದ್ದಿತ್ತು. ಯಾರೂ ಅದನ್ನು ಲೆಕ್ಕಕ್ಕೆ ತಗೊಂಡಿರಲಿಲ್ಲ. ಅವಳು ತಗೊಂಡಿದ್ದಳು. ಬೆಳಗ್ಗೆ ಅಂಗಡಿಯ ಬೀಗ ತೆಗೆಸಿ ಒಳಗೆ ಹೋಗಿ ನೋಡಿದ್ದಳು.

"ಅಂಗಡೀಲಿ ಗಾಜಿನ ತೊಟ್ಟಿ ಇಟ್ಟು ಮೀನು ಸಾಕಿದ್ರಿ. ಅದರ ನೀರು ಎಳೆದು ತೆಗೆಯೋ ಕೊಳವೆ ಅಲ್ಲಿಲ್ಲ. ತೊಟ್ಟಿ ಹತ್ರ ಯಾರನ್ನೂ ಬಿಡ್ತಿರಲಿಲ್ಲವಂತೆ, ತಮ್ಮ ಒಂದ್ಸಲ ಮುಟ್ಟಿದ್ದಕ್ಕೆ ಗಿರಾಕಿಗಳ ಎದುರೇ ಹೊಡೆದಿದ್ರಂತೆ. ನೀರು ಎಷ್ಟಿದೆ ಅಂತ ನೋಡೋದಕ್ಕೆ ಕೊಳವೆ ಯಾಕೆ ತಂದ್ರಿ?"

ಅವನು ಕನ್ನಡಕ ಸರಿಮಾಡಿಕೊಂಡ.

"ಮೀನೆಲ್ಲ ಸತ್ತಿವೆ," ಎಂದಳು. "ಹೊಟ್ಟೆ ಮೇಲಾಗಿ ತೇಲ್ತಿವೆ. ಅಂಗಡಿ ನಾರ್ತಿದೆ."

ಆ ಮಾತಿಗೆ ಅವನು ಮೊದಲ ಸಲ ತಲೆ ತಗ್ಗಿಸಿದ. ಸುಟ್ಟ ಮುಖಕ್ಕೆ, ಹೋದ ಕಣ್ಣಿಗೆ, ಬೇಡಿ ಹಾಕಿಕೊಂಡು ಕೂತ ತಮ್ಮನಿಗೆ ಆಗದ ನೋವು ಅವನಿಗೆ ಮೀನಿಗಾಗಿ ಆಯಿತು. ಇನ್‌ಸ್ಪೆಕ್ಟರ್ ಆ ನೋವಿನ ಎಳೆಯನ್ನೇ ಹಿಡಿದು ಕೇಳುತ್ತಾ ಹೋದಳು. ಪೂರ್ತಿ ಸುರುಳಿ ಬಿಚ್ಚಿಕೊಂಡು ಬಂತು.

ಎಲ್ಲರೂ ಮಲಗಿದ ಮೇಲೆ, ಕೆಲವು ದಿನ ಬೆಳಗಿನ ಜಾವ ಅವನು ಶೆಡ್ಡಿಗೆ ಬರುತ್ತಿದ್ದ. ಕೊಳವೆಯ ಒಂದು ತುದಿ ರೇಡಿಯೇಟರಿಗೆ, ಇನ್ನೊಂದು ಬಾಯಿಗೆ. ನೀರು ಎಳೆದು ಬಚ್ಚಲಿಗೆ ಬಿಡುತ್ತಿದ್ದ. ಕಾರು ದಾರಿಯಲ್ಲಿ ಕುದಿಯಬೇಕು, ಹೆಂಡತಿ ಇಳಿಯಬೇಕು, ಮುಚ್ಚಳ ತೆಗೆಯಬೇಕು. ಅವಳಿಗೆ ಕಾರು ಕಲಿಸಿದವನು ಅವನೇ. ಎಂಜಿನ್ ಬಿಸಿಯಾದರೆ ಮುಳ್ಳು ಕೆಳಗಿಳಿಯುವ ತನಕ ಮುಚ್ಚಳ ಮುಟ್ಟಬೇಡ ಎಂದು ಗಿಣಿಗೆ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟಿದ್ದ. ಅವಳು ಆ ಮಾತನ್ನು ವೇದವಾಕ್ಯದಂತೆ ಪಾಲಿಸುತ್ತಿದ್ದಳು. ಅದು ಖಾತ್ರಿಯಾದ ಮೇಲೆ ಅವನು ಮುಳ್ಳು ಮೇಲೇಳದ ಹಾಗೆ ಮಾಡಿದ.

"ಸಾಯಿಸೋಕಲ್ಲ," ಎಂದ ಅಂಗಡಿಯವನು. ಬಹಳ ಸಮಾಧಾನದ ದನಿ. ಗಿರಾಕಿಗೆ ಕನ್ನಡಕದ ಚೌಕಟ್ಟಿನ ಗುಣ ವಿವರಿಸುವ ಹಾಗೆ. "ಆ ಮುಖ ಇಟ್ಕೊಂಡು ಇವಳು ಮೆರೀತಿದ್ಳು. ಅಂಗಡಿಗೆ ಬಂದು ನಿಂತರೆ ಗಿರಾಕಿಗಳು ಕನ್ನಡಕ ಬಿಟ್ಟು ಇವಳನ್ನ ನೋಡೋರು. ಆ ನಾಯಿ, ನಾನೇ ಅನ್ನ ಹಾಕಿ ಸಾಕಿದ ನಾಯಿ, ಅತ್ತಿಗೆ ಅತ್ತಿಗೆ ಅಂತ ಹಲ್ಲು ಕಿರಿಯೋನು. ಸ್ವಲ್ಪ ಸುಡಲಿ ಅಂದ್ಕೊಂಡೆ. ಆಮೇಲೆ ನಾನೇ ನೋಡ್ಕೊಳ್ತಿದ್ದೆ. ಬಿಟ್ಟುಬಿಡ್ತಿರಲಿಲ್ಲ."

ನೆಲದ ಮೇಲೆ ಕೂತಿದ್ದ ತಮ್ಮ ಮೊಣಕಾಲ ಮಧ್ಯೆ ತಲೆ ಇಟ್ಟುಕೊಂಡ. ಅಪ್ಪ ಸತ್ತ ಮೇಲೆ ಅಣ್ಣನ ಬೆರಳು ಹಿಡಿದೇ ಬೆಳೆದವನು. ಠಾಣೆಯಲ್ಲಿ ಏಟು ಬೀಳುವಾಗ ಅಣ್ಣಾ ಎಂದೇ ಕೂಗುತ್ತಿದ್ದ ಎಂದು ಪೇದೆ ಜೀಪಿನಲ್ಲಿ ನಗುತ್ತಾ ಹೇಳಿದ್ದ.

ಹೆಂಡತಿ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಸಿಟ್ಟಿಲ್ಲ, ಅಳುವಿಲ್ಲ, ಆಶ್ಚರ್ಯವಂತೂ ಮೊದಲೇ ಇಲ್ಲ. ಶಿಶುವಿಹಾರದಲ್ಲಿ ಮಕ್ಕಳು ತಪ್ಪು ತಪ್ಪಾಗಿ ಮಗ್ಗಿ ಹೇಳುವುದನ್ನು ಕೇಳುವ ಟೀಚರ್ ಹಾಗೆ ಕಿವಿಗೊಟ್ಟಿದ್ದಳು.

ಇನ್‌ಸ್ಪೆಕ್ಟರ್ ಕಾರಿನ ಹತ್ತಿರ ಹೋದಳು. ಚಾಕುವಿನ ತುದಿಯಿಂದ ಮೊಳೆಯ ಮೇಲಿನ ಅಂಟನ್ನು ಕೆರೆದು, ಪುಡಿಯನ್ನು ಕಾಗದದಲ್ಲಿ ಕಟ್ಟಿ ಜೇಬಿಗೆ ಹಾಕಿಕೊಂಡಳು. ಹಿತ್ತಾಳೆ ಹೊಳೆಯುವ ತನಕ ಉಜ್ಜಿ, ಕ್ಲಿಪ್ಪು ಒತ್ತಿದಳು. ಪೇದೆ ಮತ್ತೆ ಎಂಜಿನ್ ಹತ್ತಿಸಿದ. ಮುಳ್ಳು ಒಂದು ಸಲ ನಡುಗಿ, ನಿಧಾನವಾಗಿ ಎದ್ದು, ನಡುಮಧ್ಯಕ್ಕೆ ಬಂದು ನಿಂತಿತು. ಕೆಲಸ ಇಷ್ಟೇ ಇತ್ತು.

ತಮ್ಮನ ಬೇಡಿ ಬಿಚ್ಚಿಸಿದಳು. ತಪ್ಪಾಯಿತು ಎನ್ನಲಿಲ್ಲ, ಅವಳ ನಾಲಿಗೆಗೆ ಆ ಮಾತು ತಿರುಗುತ್ತಿರಲಿಲ್ಲ. ಪೇದೆ ಒಂದು ಲೋಟ ನೀರು ತಂದುಕೊಟ್ಟ. ಬಾತ ಬೆರಳುಗಳಿಂದ ಹಿಡಿಯಲಾಗದೆ ಲೋಟ ಜಾರಿ ಬಿತ್ತು. ಅವನು ಅದನ್ನು ಎತ್ತಿಕೊಳ್ಳಲೂ ಇಲ್ಲ, ಅಣ್ಣನ ಕಡೆ ನೋಡಲೂ ಇಲ್ಲ. ಗೋಡೆ ಹಿಡಿದುಕೊಂಡು ಗೇಟಿನವರೆಗೆ ಹೋಗಿ, ಬೀದಿಗಿಳಿದು ಹೊರಟುಹೋದ.

"ಇನ್ನೊಂದು ಉಳೀತು," ಎಂದಳು ಇನ್‌ಸ್ಪೆಕ್ಟರ್, ಕುರ್ಚಿಯ ಕಡೆ ತಿರುಗಿ. "ಮುಳ್ಳು ಸುಳ್ಳು ಹೇಳುತ್ತೆ ಅನ್ನೋದು ನಿಮಗೆ ಗೊತ್ತಿತ್ತು. ಆದ್ರೂ ಬಿಸಿ ಕಾರಿನ ಮುಚ್ಚಳ ತೆಗೆದ್ರಿ. ಯಾಕೆ?"

ಅದು ಶಿಶುವಿಹಾರಕ್ಕೆ ರಜಾ ದಿನ ಎಂದ ಅವನು. ತಲೆನೋವು ಎಂದು ಹಿಂದಿನ ದಿನವೂ ಹೆಂಡತಿ ಕೆಲಸಕ್ಕೆ ಹೋಗಿರಲಿಲ್ಲ. ಕಾರು ಶೆಡ್ಡಿನಿಂದ ಹೊರಗೇ ಬಂದಿಲ್ಲ ಎಂದು ಅವಳೇ ಹೇಳಿದ್ದಳು. ಮಧ್ಯಾಹ್ನ ಊಟಕ್ಕೆ ಬಂದವನು, ಅವಳು ಅಡಿಗೆಮನೆಯಲ್ಲಿದ್ದಾಗ ಮರುದಿನಕ್ಕೆಂದು ನೀರು ತೆಗೆಯಲು ಇಲ್ಲಿಗೆ ಬಂದು ಬಾನೆಟ್ ಮುಟ್ಟಿ ನೋಡಿದ್ದ. ತಣ್ಣಗಿತ್ತು. ತಮ್ಮ ಅಷ್ಟರಲ್ಲಿ ಏನೋ ಮಾಡಿರಬೇಕು. ಎಂಜಿನ್ ಅವನೇ ಹತ್ತಿಸಿ ಬಿಸಿ ಮಾಡಿರಬೇಕು ಎಂದ.

"ನಿಮ್ಮ ಹೆಂಡತಿ ಮಾಡಿರಬಹುದು ಅನ್ನಿಸಲಿಲ್ವಾ?"

"ಇವಳಾ?" ಅವನು ಮೂಗಿನಲ್ಲಿ ಗಾಳಿ ಬಿಟ್ಟ. "ಇವಳಿಗೆ ಅಷ್ಟು ಬುದ್ಧಿ ಎಲ್ಲಿ ಬರಬೇಕು?"

ಹೆಂಡತಿಯ ತುಟಿಯ ಕೊನೆ ಒಂದು ಗುಲಗಂಜಿಯಷ್ಟು ಅಲುಗಿತು.

ಇನ್‌ಸ್ಪೆಕ್ಟರ್ ಆ ಫೋಟೋದ ಮಾತನ್ನೇ ಮತ್ತೆ ತೆಗೆದಳು. ಕಾರಿನ ಮುಂದೆ ನೆಲವೆಲ್ಲ ನೀರು. ಅದು ರೇಡಿಯೇಟರಿನಿಂದ ಚಿಮ್ಮಿದ್ದು ಎಂದು ಎಲ್ಲರೂ ಅಂದುಕೊಂಡಿದ್ದರು. ಆದರೆ ಫೋಟೋದಲ್ಲಿ ಬಾನೆಟ್ಟೂ ಗಾಜೂ ಒದ್ದೆಯಾಗಿದ್ದವು, ಕಾರಿನ ತಲೆಯ ಮೇಲೆ ಕೂಡ ಹನಿಗಳು ನಿಂತಿದ್ದವು. ರೇಡಿಯೇಟರಿನ ನೀರು ಮುಖ ಸುಡುತ್ತದೆ, ಕಾರಿನ ತಲೆ ಮೀಯಿಸುವುದಿಲ್ಲ. ಪಕ್ಕದ ಮನೆಯ ಹೊಲಿಗೆಯವಳನ್ನು ವಿಚಾರಿಸಿದಾಗ, ಆ ದಿನ ಶೆಡ್ಡಿನ ಬಾಗಿಲು ಮುಚ್ಚಿಕೊಂಡು ಎಂಜಿನ್ ಬಹಳ ಹೊತ್ತು ಗೊರಗುಟ್ಟುತ್ತಿತ್ತು, ಆಮೇಲೆ ಬಕೆಟ್ಟು ಬಕೆಟ್ಟು ನೀರು ಸುರಿಯುವ ಸದ್ದು ಕೇಳಿತ್ತು ಎಂದಿದ್ದಳು. ಯಾರು ಎಂದು ಅವಳಿಗೆ ಕಾಣಿಸಿರಲಿಲ್ಲ. ತಮ್ಮನಂತೂ ಆ ಹೊತ್ತಿಗೆ ಅಂಗಡಿಯಲ್ಲೇ ಇದ್ದ, ಗಿರಾಕಿಗಳು ನೋಡಿದ್ದರು.

ಅಂಗಡಿಯವನ ತಲೆ ನಿಧಾನವಾಗಿ ಹೆಂಡತಿ ನಿಂತ ದಿಕ್ಕಿಗೆ ತಿರುಗಿತು. ದಿಕ್ಕು ತಪ್ಪಿತ್ತು. ಅವಳು ಅಲ್ಲಿರಲಿಲ್ಲ, ಆಗಲೇ ಅವನ ಬೆನ್ನ ಹಿಂದೆ ಬಂದು ನಿಂತಿದ್ದಳು.

"ಕಾರು ತೊಳೆದೆ," ಎಂದಳು. "ರಜಾ ದಿನ ಕಾರು ತೊಳೆಯೋದು ಯಾವ ಕಾನೂನಿನಲ್ಲಿ ತಪ್ಪು ಮೇಡಂ?"

"ತಪ್ಪಲ್ಲ. ತೊಳೆಯೋ ಮುಂಚೆ ಎಂಜಿನ್ ಯಾಕೆ ಓಡಿಸಿದ್ರಿ?"

"ಬ್ಯಾಟರಿ ಸಾಯಬಾರದಲ್ಲ. ಅದೂ ಇವರೇ ಹೇಳಿಕೊಟ್ಟಿದ್ದು."

ಇನ್‌ಸ್ಪೆಕ್ಟರಿಗೆ ಹಿಡಿಯಲು ಏನೂ ಇರಲಿಲ್ಲ. ಈ ಹೆಂಗಸು ಯಾವುದೋ ಒಂದು ಬೆಳಗಿನ ಜಾವ ಕಿಟಕಿಯಲ್ಲಿ ನಿಂತು, ಗಂಡ ಕೊಳವೆಗೆ ಬಾಯಿ ಹಚ್ಚಿ ನೀರು ಎಳೆದು ಥೂ ಎಂದು ಉಗಿಯುವುದನ್ನು ನೋಡಿರಬೇಕು. ಕಿರುಚಲಿಲ್ಲ, ತವರಿಗೆ ಓಡಲಿಲ್ಲ, ಠಾಣೆಗೂ ಬರಲಿಲ್ಲ. ಹೋಗಿ ತಿಂಡಿ ಮಾಡಿಟ್ಟಳು. ತನಗೆ ತೋಡಿದ ಗುಂಡಿಯ ಬಾಯಿಗೆ ಅವನನ್ನೇ ನಿಲ್ಲಿಸಿ, ಎಂಜಿನ್ ಕಾಯಿಸಿ, ಬಾನೆಟ್ ಮಾತ್ರ ತಣ್ಣಗಾಗುವ ಹಾಗೆ ಕಾರು ತೊಳೆದಳು. ಮುಚ್ಚಳ ತೆಗಿ ಎಂದು ಅವಳೇನೂ ಹೇಳಿರಲಿಲ್ಲ. ಮುಟ್ಟಿದ ಕೈ ಅವನದೇ, ಸುಟ್ಟ ಮುಖವೂ ಅವನದೇ.

ಇಷ್ಟು ವರ್ಷದ ನೌಕರಿಯಲ್ಲಿ ಇನ್‌ಸ್ಪೆಕ್ಟರ್ ಇಂಥ ಅಪರಾಧ ನೋಡಿರಲಿಲ್ಲ. ಮನಸ್ಸಿನ ಒಂದು ಮೂಲೆಯಲ್ಲಿ ಭೇಷ್ ಎನ್ನಿಸಿತು. ಅದು ತನಗೇ ಇಷ್ಟವಾಗದೆ ಅವಳು ಪೇದೆಗೆ ಗದರಿ, ಅಂಗಡಿಯವನನ್ನು ಎಬ್ಬಿಸು, ಜೀಪು ಹತ್ತಿಸು ಎಂದಳು.

ಆದರೆ ಮರುಕ್ಷಣವೇ ಪೇದೆ ತಲೆ ಕೆರೆದುಕೊಂಡ. ಸುಟ್ಟ ಗಾಯ ಇನ್ನೂ ಪೂರ್ತಿ ಮಾಗಿಲ್ಲ, ಇಂಥವರನ್ನು ಲಾಕಪ್ಪಿಗೆ ಹಾಕಿದರೆ ನಾಳೆ ಮೇಲಿನವರು ನಮ್ಮನ್ನೇ ಕೇಳುತ್ತಾರೆ ಎಂದ. ನ್ಯಾಯವಾದ ಮಾತೇ. ಮನೆಯಲ್ಲೇ ಕಾವಲಿಟ್ಟು, ಡಾಕ್ಟರರು ಹೇಳಿದ ಮೇಲೆ ಕರೆದುಕೊಂಡು ಹೋಗುವುದು ಸಲೀಸು. ಹೇಗೂ ಓಡಿಹೋಗುವ ಆಸಾಮಿಯಲ್ಲ.

"ಬೇಡ," ಎಂದ ಅಂಗಡಿಯವನು.

ಆ ದನಿ ಈವರೆಗಿನದಲ್ಲ. ಅವನು ಕೈ ಚಾಚಿ ಗಾಳಿಯಲ್ಲಿ ತಡಕಾಡಿ, ಇನ್‌ಸ್ಪೆಕ್ಟರ್ ಅಂಗಿಯ ತೋಳು ಸಿಕ್ಕಿದಾಗ ಗಟ್ಟಿಯಾಗಿ ಹಿಡಿದುಕೊಂಡ.

"ಕರ್ಕೊಂಡು ಹೋಗಿ ಮೇಡಂ. ಒಪ್ಕೊಂಡಿದ್ದೀನಲ್ಲ. ಎಲ್ಲಿ ಬೇಕಾದ್ರೂ ಹಾಕಿ. ಇಲ್ಲಿ ಬೇಡ."

"ಯಾಕೆ?"

ಅವನು ದನಿ ತಗ್ಗಿಸಿದ. ಬಲಗಣ್ಣು ಉಳಿಯುತ್ತದೆ ಎಂದು ಡಾಕ್ಟರರು ಹೇಳಿದ್ದರಂತೆ. ಮನೆಗೆ ಬಂದ ಹೊಸದರಲ್ಲಿ ಆ ಕಣ್ಣಿಗೆ ಕಿಟಕಿ ಎಲ್ಲಿದೆ ಎಂದು ಗೊತ್ತಾಗುತ್ತಿತ್ತು, ಯಾರಾದರೂ ಎದುರು ಹಾದುಹೋದರೆ ನೆರಳು ಸರಿಯುವುದು ಕಾಣುತ್ತಿತ್ತು. ಹೆಂಡತಿ ಔಷಧದ ಹನಿ ಹಾಕಲು ಶುರುಮಾಡಿದ ಮೇಲೆ ಕಣ್ಣೊಳಗೆ ಕೆಂಡ ಇಟ್ಟ ಹಾಗೆ ಉರಿ. ದಿನದಿಂದ ದಿನಕ್ಕೆ ಕಿಟಕಿ ಮಸುಕಾಯಿತು. ಈಗ ಕಿಟಕಿಯೇ ಇಲ್ಲ. ವಾಸಿಯಾಗೋ ಉರಿ ಅದು, ಸಹಿಸ್ಕೊಳ್ಳಿ ಎಂದು ಅವಳು ಹೇಳುತ್ತಿದ್ದಳು. ಅವನು ನಂಬಿದ್ದ. ಅವಳಿಗೆ ಬುದ್ಧಿ ಇಲ್ಲ ಎಂದು ಇವತ್ತಿನವರೆಗೂ ನಂಬಿದ್ದನಲ್ಲ.

ಇನ್‌ಸ್ಪೆಕ್ಟರ್ ಹೆಂಡತಿಯ ಕಡೆ ತಿರುಗಿದಳು. ಆ ಹನಿ ಬಾಟಲಿ ತಂದುಕೊಡಿ ಎಂದಳು.

ಹೆಂಡತಿ ಒಳಗೆ ಹೋದಳು. ಪೇದೆಯನ್ನು ಹಿಂದೆಯೇ ಕಳಿಸಬೇಕಿತ್ತು ಎಂದು ಇನ್‌ಸ್ಪೆಕ್ಟರಿಗೆ ಹೊಳೆಯುವಷ್ಟರಲ್ಲಿ ಅವಳು ವಾಪಸು ಬಂದಾಗಿತ್ತು. ಬಲಗೈಯಲ್ಲಿ ಬೆರಳುದ್ದದ ಪ್ಲಾಸ್ಟಿಕ್ ಬಾಟಲಿ. ಆಸ್ಪತ್ರೆಯ ಚೀಟಿ ಅಂಟಿಸಿದ್ದು, ಅರ್ಧ ಖಾಲಿಯಾದದ್ದು. ಮುಚ್ಚಳ ತೆಗೆದೇ ತಂದಿದ್ದಳು.

"ಪರೀಕ್ಷೆಗೆ ಕಳಿಸ್ತೀರಿ, ತಿಂಗಳುಗಟ್ಟಲೆ ಆಗುತ್ತೆ. ಅಷ್ಟು ದಿನ ನಾನು ಕಳ್ಳಿಯ ಹಾಗೆ ಕೂರಬೇಕು," ಎಂದಳು. "ಇಲ್ಲೇ ನೋಡಿಬಿಡಿ."

ತಲೆ ಹಿಂದಕ್ಕೆ ಬಾಗಿಸಿದಳು. ಗಂಡ ಸುಡಬೇಕೆಂದುಕೊಂಡಿದ್ದ ಆ ಮುಖ ಬೆಳಕಿಗೆ ತೆರೆದುಕೊಂಡಿತು. ಬಾಟಲಿಯನ್ನು ತನ್ನ ಬಲಗಣ್ಣಿನ ಮೇಲೆ ತಲೆಕೆಳಗಾಗಿ ಹಿಡಿದಳು. ತುದಿಯಲ್ಲಿ ಒಂದು ಹನಿ ದುಂಡಗಾಗಿ ತೂಗಿತು.

ತಡೆಯಬಹುದಿತ್ತು. ಇನ್‌ಸ್ಪೆಕ್ಟರ್ ಅವಳ ಕೈ ಹಿಡಿಯುವಷ್ಟು ಹತ್ತಿರದಲ್ಲೇ ನಿಂತಿದ್ದಳು. ಆದರೆ ಆ ಹನಿಯಲ್ಲಿ ಏನಿದೆ ಎಂದು ತಿಳಿದುಕೊಳ್ಳುವ ಆಸೆ ಅವಳ ಕೈಯನ್ನು ಕಟ್ಟಿಹಾಕಿತು.

ಹನಿ ಬಿತ್ತು.

ಹೆಂಡತಿ ಕಣ್ಣು ಮಿಟುಕಿಸಿದಳು. ಕೆನ್ನೆಯ ಮೇಲೆ ಇಳಿದದ್ದನ್ನು ಬೆರಳ ಹಿಂಬದಿಯಿಂದ ಒರೆಸಿಕೊಂಡಳು. ಕಣ್ಣು ತಿಳಿಯಾಗಿಯೇ ಇತ್ತು, ಕೆಂಪಗೂ ಆಗಿರಲಿಲ್ಲ. ನೋಡಿದಿರಲ್ಲ ಎನ್ನುವಂತೆ ಬಾಟಲಿಯನ್ನು ಇನ್‌ಸ್ಪೆಕ್ಟರ್ ಕೈಗೆ ಕೊಟ್ಟಳು. ಪೇದೆ ನಿಟ್ಟುಸಿರು ಬಿಟ್ಟ.

ಕುರ್ಚಿಯಲ್ಲಿದ್ದವನು ಮಾತ್ರ ಮುಖ ಮೇಲೆತ್ತಿ, ನಾಯಿಯ ಹಾಗೆ ಗಾಳಿಯನ್ನು ಮೂಸುತ್ತಿದ್ದ.

"ಇದಲ್ಲ," ಎಂದ. "ಇದಕ್ಕೆ ವಾಸನೆಯೇ ಇಲ್ಲ. ನನಗೆ ಹಾಕೋದಕ್ಕೆ ವಾಸನೆ ಇದೆ."

ಇನ್‌ಸ್ಪೆಕ್ಟರ್ ಹೆಂಡತಿಯನ್ನು ನೋಡಿದಳು. ಬಲಗೈ ಬರಿದಾಗಿತ್ತು. ಎಡಗೈ ಒಳಗಿಂದ ಬಂದಾಗಿನಿಂದಲೂ ಮುಷ್ಟಿ ಕಟ್ಟಿಯೇ ಇತ್ತು.